ಚಳಿಗಾಲದಲ್ಲಿ ಆಮೆಮರಿಯ ಮನೆ

ಶಿವಮೊಗ್ಗದಿಂದ ಸಾಗರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 10 ಕಿಲೋಮೀಟರ್ ಕ್ರಮಿಸಿದರೆ ತ್ಯಾವರೆಕೊಪ್ಪ ಎಂಬ ಸ್ಥಳ ದೊರೆಯುತ್ತದೆ. 1988ರಲ್ಲಿ ಸ್ಥಾಪಿತವಾದ ಹುಲಿ ಮತ್ತು ಸಿಂಹಗಳ ಧಾಮದಿಂದಾಗಿ ಈ ಊರಿನ ಹೆಸರು ನಾಡಿಗೆಲ್ಲ ಪರಿಚಿತವಾಗಿದೆ. ಡಿಸೆಂಬರ್ ತಿಂಗಳ ಒಂದು ಮುಂಜಾನೆ ನಾವು ಅಲ್ಲಿಗೆ ಹೋದೆವೆಂದು ಭಾವಿಸೋಣ. ಕಾಡಿನ ಮೇಲೆ ಮಂಜು ಇನ್ನೂ ಕವಿದಿದೆ. ಹುಲ್ಲಿನ ಮೇಲೆ ಇಬ್ಬನಿ ನಿಂತಿದೆ. ನಾವು ಶಾಲು ಹೊದ್ದು, ಅಂಗೈಗಳನ್ನು ಉಜ್ಜಿಕೊಳ್ಳುತ್ತ ನಿಂತಿದ್ದೇವೆ. ಹುಲಿಯಾದರೋ ಎದ್ದು, ಮೈಮುರಿದು, ಎಂದಿನಂತೆ ನಡೆಯತೊಡಗುತ್ತದೆ. ಅದರ ಉಸಿರು ತಂಪು ಗಾಳಿಗೆ ತಗುಲಿ ಹೊಗೆಯಂತೆ ಕಾಣುತ್ತದೆ. ಅದರ ಒಡಲಿನೊಳಗೆ ಒಂದು ಒಲೆ ಸದಾ ಉರಿಯುತ್ತಿರುವುದೆಂಬುದಕ್ಕೆ ಆ ಹೊಗೆಯೇ ಸಾಕ್ಷಿ.

ಅದೇ ಮುಂಜಾನೆ, ಅದೇ ಸೀಮೆಯ ಒಂದು ಮನೆಯ ಹಜಾರದಲ್ಲಿ, ರಟ್ಟಿನ ಪೆಟ್ಟಿಗೆಯೊಂದರಲ್ಲಿ ನಾಲ್ಕು ಸೆಂಟಿಮೀಟರ್ ಉದ್ದದ ಆಮೆಮರಿಯೊಂದು ಇದೆಯೆಂದು ಊಹಿಸಿರಿ. ಅದು ಕಣ್ಣು ಮುಚ್ಚಿ, ತಲೆಯನ್ನು ಒಳಕ್ಕೆ ಎಳೆದುಕೊಂಡು ಕುಳಿತಿದೆ. ನಿನ್ನೆ ಕೊಟ್ಟ ಸೊಪ್ಪು ಮುಟ್ಟದೆ ಬಿದ್ದಿದೆ. ಮನೆಯವರು ಕನಿಕರದಿಂದ “ಪಾಪ, ನಿದ್ದೆ ಮಾಡುತ್ತಿದೆ, ಎಬ್ಬಿಸಬೇಡಿರಿ” ಎನ್ನುತ್ತಾರೆ. ಮಧ್ಯಾಹ್ನ ಬಿಸಿಲೇರಿದಾಗ ಅದು ಕಣ್ದೆರೆದು ಎರಡು ಹೆಜ್ಜೆ ನಡೆದು ಒಂದಿಷ್ಟು ಮೇಯುತ್ತದೆ. ರಾತ್ರಿ ಮತ್ತೆ ಮುದುಡುತ್ತದೆ. ಹೀಗೆ ಕೆಲವು ವಾರಗಳು ಕಳೆದ ಮೇಲೆ ಒಂದು ದಿನ ಅದು ಏಳುವುದೇ ಇಲ್ಲ. ಯಾರೂ ಅದನ್ನು ಹೊಡೆಯಲಿಲ್ಲ, ಉಪವಾಸ ಕೆಡವಲಿಲ್ಲ. ಆದರೂ ಅದು ಸತ್ತುಹೋಯಿತು. ಇದಕ್ಕೆ ಕಾರಣವೇನು? ಆಮೆಮರಿಗೆ ಚಳಿಗಾಲದಲ್ಲಿ ಎಂತಹ ಮನೆ ಬೇಕು? ಈ ಪ್ರಶ್ನೆಗಳನ್ನು ಬಿಡಿಸುವಾಗ ನಮಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳು ಮೂರೂ ಬೇಕಾಗುತ್ತವೆ.

ಒಲೆಯಿಲ್ಲದ ಪ್ರಾಣಿ

ಸಸ್ತನಿಗಳೂ ಹಕ್ಕಿಗಳೂ ತಿಂದ ಆಹಾರದ ಬಹುಭಾಗವನ್ನು ದೇಹವನ್ನು ಬೆಚ್ಚಗಿಡುವುದಕ್ಕಾಗಿಯೇ ವ್ಯಯಮಾಡುತ್ತವೆ. ಹೊರಗೆ ಚಳಿಯಿರಲಿ, ಸೆಕೆಯಿರಲಿ, ನಮ್ಮ ದೇಹದ ಉಷ್ಣತೆ 37 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಆಮೆ, ಹಲ್ಲಿ, ಹಾವು, ಮೊಸಳೆಗಳು ಸರೀಸೃಪವರ್ಗಕ್ಕೆ ಸೇರಿದವು. ಇವು ತಮ್ಮ ಒಡಲಿನಲ್ಲಿ ಹುಟ್ಟಿಸುವ ಉಷ್ಣ ಅತ್ಯಲ್ಪ. ಬೇಕಾದ ಉಷ್ಣವನ್ನು ಅವು ಹೊರಗಿನಿಂದ, ಮುಖ್ಯವಾಗಿ ಸೂರ್ಯನಿಂದ, ಪಡೆಯಬೇಕು.

ಇವುಗಳನ್ನು ಶೀತರಕ್ತಪ್ರಾಣಿಗಳೆಂದು ಕರೆಯುವ ವಾಡಿಕೆಯುಂಟು. ಈ ಹೆಸರು ಅಷ್ಟು ಸಮರ್ಪಕವಲ್ಲ. ಬಿಸಿಲಿಗೆ ಮೈಯೊಡ್ಡಿದ ಓತಿಕೇತದ ರಕ್ತ ನಮ್ಮ ರಕ್ತದಷ್ಟೇ ಬೆಚ್ಚಗಿರಬಲ್ಲದು. 1944ರಲ್ಲಿ ಅಮೆರಿಕದ ಕೌಲ್ಸ್ ಮತ್ತು ಬೋಗರ್ಟ್ ಎಂಬ ವಿಜ್ಞಾನಿಗಳು ಮರುಭೂಮಿಯ ಸರೀಸೃಪಗಳ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಹಲ್ಲಿಗಳು ಬಿಸಿಲಿಗೂ ನೆರಳಿಗೂ ಓಡಾಡುತ್ತ, ಮೈಯನ್ನು ಸೂರ್ಯನ ಕಡೆಗೆ ತಿರುಗಿಸುತ್ತ, ಇಲ್ಲವೆ ಮರಳಿನೊಳಗೆ ಹುದುಗುತ್ತ, ತಮಗೆ ಹಿತವಾದ ಒಂದು ಉಷ್ಣತೆಯನ್ನು ಕಾಯ್ದುಕೊಳ್ಳುತ್ತವೆಂದು ಅವರು ತೋರಿಸಿಕೊಟ್ಟರು. ನಮ್ಮ ದೇಹವು ಒಳಗಿನ ಒಲೆಯಿಂದ ಮಾಡುವ ಕೆಲಸವನ್ನು ಸರೀಸೃಪವು ತನ್ನ ಕಾಲುಗಳಿಂದ ಮಾಡುತ್ತದೆ. ಬೇಕಾದಾಗ ಬಿಸಿಲಿಗೆ ನಡೆದು ಹೋಗುತ್ತದೆ, ಸಾಕಾದಾಗ ನೆರಳಿಗೆ ಮರಳುತ್ತದೆ.

ಈ ಮಾತನ್ನು ವಿದ್ಯಾರ್ಥಿಗಳು ಚೆನ್ನಾಗಿ ನೆನಪಿನಲ್ಲಿಡಬೇಕು. ಆಮೆಗೆ ಮನೆ ಕಟ್ಟುವವನು ಅದಕ್ಕೆ ಉಷ್ಣವನ್ನು ಕೊಟ್ಟರೆ ಸಾಲದು; ಉಷ್ಣವನ್ನು ಆರಿಸಿಕೊಳ್ಳುವ ಅವಕಾಶವನ್ನೂ ಕೊಡಬೇಕು. ಮುಂದೆ ಹೇಳುವ ವಿವರಗಳೆಲ್ಲವೂ ಈ ಒಂದು ತತ್ತ್ವದಿಂದಲೇ ಹೊರಡುತ್ತವೆ.

ಮರಿಯ ಕಷ್ಟ ದೊಡ್ಡದು

ಶಿವಮೊಗ್ಗದ ಚಳಿಗಾಲ ಹಿಮ ಬೀಳುವ ಚಳಿಗಾಲವಲ್ಲ. ಡಿಸೆಂಬರ್, ಜನವರಿಗಳಲ್ಲಿ ರಾತ್ರಿಯ ಉಷ್ಣತೆ 15 ಡಿಗ್ರಿಯ ಸುತ್ತಮುತ್ತ ಇಳಿಯುತ್ತದೆ, ಕೆಲವು ದಿನ ಅದಕ್ಕೂ ಕೆಳಗೆ. ಮಧ್ಯಾಹ್ನ 30 ಡಿಗ್ರಿಗೆ ಸಮೀಪಿಸುತ್ತದೆ. ಒಂದೇ ದಿನದೊಳಗೆ ಸುಮಾರು 15 ಡಿಗ್ರಿಗಳ ಏರಿಳಿತ! ದೊಡ್ಡ ಆಮೆಯೊಂದು ಇದನ್ನು ಸಹಿಸಬಹುದು. ಮರಿಗೆ ಅದು ಕಷ್ಟ. ಏಕೆಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯೋಣ.

ಆಮೆಯನ್ನು ಒಂದು ಘನವೆಂದು ಭಾವಿಸೋಣ. ಮರಿಯ ಅಂಚು 4 ಸೆಂಟಿಮೀಟರ್, ಬೆಳೆದ ಆಮೆಯ ಅಂಚು 24 ಸೆಂಟಿಮೀಟರ್ ಇರಲಿ. ಮರಿಯ ಮೇಲ್ಮೈ 96 ಚದರ ಸೆಂಟಿಮೀಟರ್, ಘನಗಾತ್ರ 64 ಘನ ಸೆಂಟಿಮೀಟರ್. ಅಂದರೆ ಒಂದೊಂದು ಘನ ಸೆಂಟಿಮೀಟರಿಗೆ 1.5 ಚದರ ಸೆಂಟಿಮೀಟರ್ ಮೇಲ್ಮೈ. ದೊಡ್ಡದರ ಮೇಲ್ಮೈ 3456, ಘನಗಾತ್ರ 13824. ಅಲ್ಲಿ ಒಂದೊಂದು ಘನ ಸೆಂಟಿಮೀಟರಿಗೆ ದೊರೆಯುವ ಮೇಲ್ಮೈ 0.25 ಮಾತ್ರ. ಉಷ್ಣವು ಸೋರಿಹೋಗುವುದು ಮೇಲ್ಮೈಯಿಂದ, ಉಷ್ಣವು ಸಂಗ್ರಹವಾಗಿರುವುದು ಘನಗಾತ್ರದಲ್ಲಿ. ಆದುದರಿಂದ ತನ್ನ ಗಾತ್ರಕ್ಕೆ ಹೋಲಿಸಿದರೆ ಮರಿಯು ದೊಡ್ಡ ಆಮೆಗಿಂತ ಆರು ಪಟ್ಟು ಹೆಚ್ಚು ಬಾಗಿಲುಗಳನ್ನು ತೆರೆದಿಟ್ಟ ಮನೆಯಂತೆ ಇದೆ. ಲೋಟದ ಕಾಫಿ ಬೇಗ ಆರುತ್ತದೆ, ಹಂಡೆಯ ನೀರು ಬೆಳಗಿನವರೆಗೂ ಬೆಚ್ಚಗಿರುತ್ತದೆ ಎಂಬುದನ್ನು ನಮ್ಮ ಬಚ್ಚಲಮನೆಯಲ್ಲಿಯೇ ಕಂಡಿದ್ದೇವಷ್ಟೆ. ದೊಡ್ಡ ಆಮೆ ಹಂಡೆ, ಮರಿ ಲೋಟ. ಮರಿಯು ಬೇಗ ಆರುತ್ತದೆ. ಅಷ್ಟೇ ಬೇಗ ಕಾದು ಅಪಾಯಕ್ಕೂ ಸಿಕ್ಕುತ್ತದೆ. ಬೀಸುವ ಬಿಸಿಲಿನಲ್ಲಿ ನೆರಳಿಲ್ಲದ ತಟ್ಟೆಯಲ್ಲಿಟ್ಟ ಮರಿಯು ಅಲ್ಪಕಾಲದಲ್ಲಿಯೇ ಸಾಯಬಹುದು.

ನಿದ್ರಿಸುವ ಆಮೆ, ನಿದ್ರಿಸದ ಆಮೆ

“ಆಮೆಗಳು ಚಳಿಗಾಲದಲ್ಲಿ ನಿದ್ರಿಸುತ್ತವೆಂದು ಪುಸ್ತಕದಲ್ಲಿ ಓದಿದ್ದೇವಲ್ಲ?” ಎಂದು ವಿದ್ಯಾರ್ಥಿಗಳು ಕೇಳಬಹುದು. ನಿಜ, ಆದರೆ ಎಲ್ಲ ಆಮೆಗಳೂ ನಿದ್ರಿಸುವುದಿಲ್ಲ. ಇಂಗ್ಲೆಂಡಿನ ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ ತನ್ನ ತೋಟದ ಆಮೆಯೊಂದನ್ನು ವರ್ಷಗಟ್ಟಲೆ ಗಮನಿಸಿ ಬರೆದಿಟ್ಟನು. ಅವನ ಸುಪ್ರಸಿದ್ಧ ಪುಸ್ತಕ 1789ರಲ್ಲಿ ಅಚ್ಚಾಯಿತು. ತಿಮೊತಿ ಎಂಬ ಹೆಸರಿನ ಆ ಆಮೆ ನವೆಂಬರ್ ತಿಂಗಳಲ್ಲಿ ನೆಲವನ್ನು ಅಗೆದು ಹುದುಗಿಕೊಂಡು ಏಪ್ರಿಲ್ ತಿಂಗಳಲ್ಲಿ ಮೇಲೇಳುತ್ತಿದ್ದಿತು. ಗಂಡೆಂದು ಎಲ್ಲರೂ ನಂಬಿದ್ದ ಆ ಪ್ರಾಣಿ ಹೆಣ್ಣೆಂಬುದು ಅದು ಸತ್ತ ಮೇಲೆ ಗೊತ್ತಾಯಿತು. ಅದರ ಚಿಪ್ಪು ಈಗಲೂ ಲಂಡನ್ನಿನ ಪ್ರಾಕೃತಿಕ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿದೆ.

ತಿಮೊತಿ ಮೆಡಿಟರೇನಿಯನ್ ಸೀಮೆಯ ಜಾತಿಯದು. ಅಂತಹ ಆಮೆಗಳು ಚಳಿ ಬರುವ ಮೊದಲೇ ಮೇಯುವುದನ್ನು ನಿಲ್ಲಿಸಿ, ಕರುಳನ್ನು ಬರಿದುಮಾಡಿಕೊಂಡು, 5 ಡಿಗ್ರಿಯ ಆಸುಪಾಸಿನ ಸಮನಾದ ತಂಪಿನಲ್ಲಿ ತಿಂಗಳುಗಟ್ಟಲೆ ಜೀವವ್ಯಾಪಾರವನ್ನು ಮಂದಗೊಳಿಸಿಕೊಂಡು ಇರಬಲ್ಲವು. ಲಕ್ಷಾಂತರ ವರ್ಷಗಳಿಂದ ಅವುಗಳಿಗೆ ಒದಗಿ ಬಂದ ಶಕ್ತಿ ಅದು. ನಮ್ಮ ದಕ್ಷಿಣದೇಶದ ಆಮೆಗಳು ಅಂತಹ ಚಳಿಯನ್ನು ಕಂಡವಲ್ಲ. ಇಲ್ಲಿಯ ಕೆಲವು ಕೆರೆಯಾಮೆಗಳು ಕೆಸರಿನಲ್ಲಿ ಹುದುಗಿ ನಿಶ್ಚೇಷ್ಟವಾಗಿ ಕಾಲಕಳೆಯುವುದುಂಟು. ಅದು ನೀರು ಬತ್ತಿದ ಬೇಸಗೆಯಿಂದ ಪಾರಾಗುವ ಉಪಾಯ.

ನಮ್ಮ ಹಜಾರದ ಮರಿಗೆ ಬಂದೊದಗಿದುದು ಇವೆರಡೂ ಅಲ್ಲದ ನಡುವಣ ಸ್ಥಿತಿ. ಜೀವಕೋಶಗಳಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳ ವೇಗವು ಪ್ರತಿ 10 ಡಿಗ್ರಿಗೆ ಎರಡರಿಂದ ಮೂರು ಪಟ್ಟು ಬದಲಾಗುತ್ತದೆಂಬುದು ಸಾಮಾನ್ಯ ನಿಯಮ. 30 ಡಿಗ್ರಿಯಿಂದ 15 ಡಿಗ್ರಿಗೆ ಇಳಿದ ಮರಿಯ ಜೀರ್ಣರಸಗಳು ಬಹುತೇಕ ಕೆಲಸ ನಿಲ್ಲಿಸುತ್ತವೆ. ಮಧ್ಯಾಹ್ನ ತಿಂದ ಸೊಪ್ಪು ಅರಗದೆ ಒಳಗೇ ಉಳಿದು ಹುಳಿಯುತ್ತದೆ. ರೋಗವನ್ನು ಎದುರಿಸುವ ರಕ್ತಕಣಗಳೂ ಮಂದವಾಗುತ್ತವೆ. ಗಾಢನಿದ್ರೆಗೆ ಬೇಕಾದಷ್ಟು ತಂಪಿಲ್ಲ, ಬಾಳುವೆಗೆ ಬೇಕಾದಷ್ಟು ಶಾಖವಿಲ್ಲ. ಶಕ್ತಿಯ ಖರ್ಚು ನಡೆಯುತ್ತಲೇ ಇದೆ, ಆದಾಯ ಮಾತ್ರ ನಿಂತುಹೋಗಿದೆ. ಚಳಿಗಾಲದಲ್ಲಿ ಮರಿಗಳನ್ನು ಕೊಲ್ಲುವುದು ಹೆಚ್ಚಾಗಿ ಈ ಅರೆಬೆಚ್ಚಗಿನ ಸ್ಥಿತಿಯೇ.

ಇದರ ಜೊತೆಗೆ ಶ್ವಾಸಕೋಶದ ರೋಗವೂ ಸೇರುತ್ತದೆ. ಆಮೆಯ ಶ್ವಾಸಕೋಶಗಳು ಮೇಲುಚಿಪ್ಪಿನ ಕೆಳಗೆ ಅಂಟಿಕೊಂಡಿವೆ. ನಮಗಿರುವಂತಹ ವಪೆ ಅದಕ್ಕಿಲ್ಲ. ಆದುದರಿಂದ ಕಫವನ್ನು ಅದು ನಮ್ಮಂತೆ ಕೆಮ್ಮಿ ಹೊರಹಾಕಲಾರದು. ಮೂಗಿನಲ್ಲಿ ಗುಳ್ಳೆಗಳು, ಬಾಯಿ ತೆರೆದು ಉಸಿರಾಟ, ನೀರಾಮೆಯಾದರೆ ಒಂದು ಪಕ್ಕಕ್ಕೆ ವಾಲಿ ತೇಲುವುದು, ಇವು ಅಪಾಯದ ಚಿಹ್ನೆಗಳು.

ಸ್ವಾತಂತ್ರ್ಯದಿಂದ ಬಾಳುವ ಆಮೆಗಳಿಗೂ ಇಂತಹ ವಿಪತ್ತು ಬರಬಹುದೆಂಬುದಕ್ಕೆ 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್ ತೀರದಲ್ಲಿ ನಡೆದುದು ನಿದರ್ಶನ. ಅಕಾಲದ ಕಡುಚಳಿಗೆ ಸಮುದ್ರದ ನೀರು ತಣ್ಣಗಾಗಿ, 12,000ಕ್ಕೂ ಹೆಚ್ಚು ಕಡಲಾಮೆಗಳು ಮರಗಟ್ಟಿ ತೇಲಿದವು. ಜನರು ಅವುಗಳನ್ನು ದೋಣಿಗಳಲ್ಲಿ ತುಂಬಿ ತಂದು, ಸೌತ್ ಪಾಡ್ರೆ ದ್ವೀಪದ ಸಭಾಭವನದ ನೆಲದ ಮೇಲೆ ಸಾಲುಸಾಲಾಗಿ ಮಲಗಿಸಿ ಆರೈಕೆ ಮಾಡಿದರು.

ಯಾರ ಮನೆಯಲ್ಲಿ ಆಮೆ?

ಮನೆಯ ರಚನೆಯನ್ನು ವಿವರಿಸುವ ಮೊದಲು ಒಂದು ವಿಷಯವನ್ನು ಸ್ಪಷ್ಟಪಡಿಸಬೇಕಾಗಿದೆ. ಆಮೆಯನ್ನು ಮನೆಯಲ್ಲಿಟ್ಟರೆ ಐಶ್ವರ್ಯ ಬರುವುದೆಂಬ ನಂಬಿಕೆ ನಮ್ಮ ಜನರಲ್ಲಿದೆ. ಈ ನಂಬಿಕೆಯನ್ನು ಬಂಡವಾಳವಾಗಿಸಿಕೊಂಡು ನಕ್ಷತ್ರ ಆಮೆಯ ಮರಿಗಳನ್ನು ಗುಟ್ಟಾಗಿ ಮಾರುವವರೂ ಇದ್ದಾರೆ. ಕರಿಯ ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದಂತೆ ಹರಡಿರುವ ಈ ಆಮೆ ಕೋಲಾರದಂತಹ ಬಯಲುಸೀಮೆಯ ಕುರುಚಲು ಕಾಡಿನದು, ಮಲೆನಾಡಿನದಲ್ಲ. ಆದುದರಿಂದ ಶಿವಮೊಗ್ಗದ ಮನೆಯೊಂದರಲ್ಲಿ ನಕ್ಷತ್ರ ಆಮೆಯಿದ್ದರೆ ಅದು ಯಾರೋ ಹಿಡಿದು ತಂದುದೇ ಸರಿ. ತುಂಗಾ, ಭದ್ರಾ ನದಿಗಳಲ್ಲಿಯೂ ಸುತ್ತಲಿನ ಕೆರೆಗಳಲ್ಲಿಯೂ ಇರುವುದು ಮೃದುಚಿಪ್ಪಿನ ನೀರಾಮೆಗಳು. ಸಹ್ಯಾದ್ರಿಯ ದಟ್ಟ ಕಾಡುಗಳಲ್ಲಿ ಬೆತ್ತದ ಆಮೆಯೆಂಬ ಪುಟ್ಟ ಜಾತಿಯೊಂದಿದೆ. ಬಹುಕಾಲ ಕಣ್ಮರೆಯಾಗಿದ್ದ ಅದನ್ನು 1982ರಲ್ಲಿ ಕೇರಳದ ಕಾಡಿನಲ್ಲಿ ಮತ್ತೆ ಕಂಡುಹಿಡಿದವರು ಜೆ. ವಿಜಯಾ ಎಂಬ ತರುಣ ಸಂಶೋಧಕಿ. ಅವರ ಗೌರವಾರ್ಥವಾಗಿ ಆ ಕುಲಕ್ಕೆ 2006ರಲ್ಲಿ ವಿಜಯಚೆಲಿಸ್ ಎಂದು ಹೆಸರಿಡಲಾಯಿತು.

ನಕ್ಷತ್ರ ಆಮೆಯನ್ನು ಹಿಡಿಯುವುದೂ ಮಾರುವುದೂ ಮನೆಯಲ್ಲಿ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ರೂಪದಲ್ಲಿ ಅದು ಮೊದಲನೆಯ ಅನುಸೂಚಿಗೆ ಸೇರಿದೆ. 2019ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರವೂ ನಿಷಿದ್ಧ.

ಹಾಗಾದರೆ ಆಮೆಮರಿಗೆ ಮನೆ ಕಟ್ಟುವ ವಿದ್ಯೆ ಯಾರಿಗೆ ಬೇಕು? ಕಳ್ಳಸಾಗಣೆಗಾರರಿಂದ ವಶಪಡಿಸಿಕೊಂಡ ಮರಿಗಳನ್ನು ಪೊರೆಯುವ ಪ್ರಾಣಿಸಂಗ್ರಹಾಲಯಗಳಿಗೆ, ರಕ್ಷಣಾಕೇಂದ್ರಗಳಿಗೆ, ಪಶುವೈದ್ಯರಿಗೆ, ಅರಣ್ಯದ ಸಿಬ್ಬಂದಿಗೆ ಬೇಕು. 2018ರ ನವೆಂಬರಿನಲ್ಲಿ, ಚಳಿಗಾಲದ ಬಾಗಿಲಿನಲ್ಲಿಯೇ, ಸಿಂಗಪುರದಲ್ಲಿ ರಕ್ಷಿಸಲ್ಪಟ್ಟ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ಮರಳಿದವು. ಹೀಗೆ ಬಂದವುಗಳನ್ನು ನೇರವಾಗಿ ಕಾಡಿಗೆ ಬಿಡಲಾಗದು. ರೋಗವಿಲ್ಲವೆಂದು ಖಚಿತವಾಗುವವರೆಗೆ ಅವು ಪ್ರತ್ಯೇಕವಾಗಿ ಒಂದು ಮನೆಯಲ್ಲಿ ಇರಲೇಬೇಕು. ಇಂದಿನ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಇಂತಹ ಕೆಲಸಕ್ಕೆ ನಿಲ್ಲುವವರು.

ಉಷ್ಣತೆಯ ಇಳಿಜಾರು

ನೆಲದಾಮೆಯ ಕೆಲವು ಮರಿಗಳಿಗೆ ಸುಮಾರು 90 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ಮರದ ಪೆಟ್ಟಿಗೆ ಸಾಕು. ಪೆಟ್ಟಿಗೆ ಉದ್ದವಾಗಿರಬೇಕಾದುದಕ್ಕೆ ಕಾರಣವಿದೆ. ಅದರ ಒಂದು ತುದಿಯಲ್ಲಿ ಮಾತ್ರ ಮೇಲಿನಿಂದ ಶಾಖದ ದೀಪವನ್ನು ಸರಪಳಿಯಿಂದ ಭದ್ರವಾಗಿ ತೂಗುಹಾಕಬೇಕು. ದೀಪದ ನೇರ ಕೆಳಗೆ, ಆಮೆಯ ಬೆನ್ನಿನ ಮಟ್ಟದಲ್ಲಿ, ಉಷ್ಣತೆ 32ರಿಂದ 35 ಡಿಗ್ರಿ ಇರಬೇಕು. ಎದುರು ತುದಿಯಲ್ಲಿ 24 ಅಥವಾ 25 ಡಿಗ್ರಿ ಇರಬೇಕು. ಹೀಗೆ ಪೆಟ್ಟಿಗೆಯ ಉದ್ದಕ್ಕೂ ಉಷ್ಣತೆಯ ಒಂದು ಇಳಿಜಾರು ಏರ್ಪಡುತ್ತದೆ. ಮರಿಯು ಬೆಳಗ್ಗೆ ದೀಪದಡಿಗೆ ಬಂದು ಕಾಯುತ್ತದೆ. ಸಾಕಾದಾಗ ಸರಿದು ಹೋಗುತ್ತದೆ. ಕೌಲ್ಸ್ ಮತ್ತು ಬೋಗರ್ಟರ ಹಲ್ಲಿಗಳು ಮರುಭೂಮಿಯಲ್ಲಿ ಮಾಡಿದುದನ್ನೇ ಇದು ಪೆಟ್ಟಿಗೆಯಲ್ಲಿ ಮಾಡುತ್ತದೆ. ಎರಡೂ ತುದಿಗಳಲ್ಲಿ ಅಡಗಲು ಒಂದೊಂದು ಗೂಡಿರಬೇಕು. ಒಡೆದ ಮಡಕೆಯ ಅರ್ಧಭಾಗ, ಅಂಚನ್ನು ಉಜ್ಜಿ ನಯಮಾಡಿದರೆ, ಚೆನ್ನಾಗಿ ಒದಗುತ್ತದೆ. ಅಡಗುವ ಗೂಡು ಒಂದೇ ಕಡೆ ಇದ್ದರೆ ಅಂಜುಬುರುಕ ಮರಿಯು ಭಯಕ್ಕಾಗಿ ಶಾಖವನ್ನು ಬಿಟ್ಟುಕೊಡುತ್ತದೆ.

ಕೆಳಗಿನಿಂದ ಬಿಸಿಮಾಡುವುದು ಸರಿಯಲ್ಲ. ಪ್ರಕೃತಿಯಲ್ಲಿ ಶಾಖ ಬರುವುದು ಮೇಲಿನಿಂದ. ಸೆಕೆಯಾದ ಪ್ರಾಣಿ ನೆಲವನ್ನು ಅಗೆದು ತಂಪನ್ನು ಹುಡುಕುತ್ತದೆ. ಪೆಟ್ಟಿಗೆಯ ತಳವೇ ಬಿಸಿಯಾದರೆ ಅಗೆದಷ್ಟೂ ಸೆಕೆ ಹೆಚ್ಚಿ, ಅದರ ಹುಟ್ಟುಬುದ್ಧಿಯೇ ಅದಕ್ಕೆ ಮೋಸಮಾಡುತ್ತದೆ.

ರಾತ್ರಿ ದೀಪ ಆರಬೇಕು, ಏಕೆಂದರೆ ಹಗಲಿರುಳುಗಳ ಭೇದ ಎಲ್ಲ ಪ್ರಾಣಿಗಳಿಗೂ ಬೇಕು. ಆದರೆ ಮರಿಗಳಿರುವಲ್ಲಿ ಉಷ್ಣತೆ 22 ಡಿಗ್ರಿಗಿಂತ ಕೆಳಗಿಳಿಯದಿರುವುದು ಒಳ್ಳೆಯದು. ಇದಕ್ಕಾಗಿ ಬೆಳಕಿಲ್ಲದೆ ಶಾಖ ಮಾತ್ರ ಕೊಡುವ ಪಿಂಗಾಣಿಯ ಕಾಯಕವನ್ನು, ಥರ್ಮೋಸ್ಟಾಟ್ ಎಂಬ ಉಷ್ಣನಿಯಂತ್ರಕದ ಮೂಲಕ ಜೋಡಿಸುತ್ತಾರೆ. ಉಷ್ಣಮಾಪಕಗಳು ಎರಡು ಬೇಕು, ತುದಿಗೊಂದು. ಕೈಯಿಂದ ಮುಟ್ಟಿ ಅಂದಾಜು ಮಾಡುವುದು ಸಲ್ಲದು. ನಮ್ಮ ಕೈಗೆ 28 ಡಿಗ್ರಿಯೂ ತಣ್ಣಗೇ ತೋರೀತು.

ಮಲೆನಾಡಿನಲ್ಲಿ ವಿದ್ಯುತ್ತು ಕೈಕೊಡುವ ರಾತ್ರಿಗಳು ಉಂಟಷ್ಟೆ. ಆಗ ಬಿಸಿನೀರು ತುಂಬಿದ ಸೀಸೆಗಳನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಒಂದು ಪಕ್ಕದಲ್ಲಿಟ್ಟು, ಗಾಳಿಗೆ ಕಿಂಡಿ ಬಿಟ್ಟು ಮೇಲೆ ಕಂಬಳಿ ಹೊದಿಸಬೇಕು. ಕೆಂಡದ ಅಗ್ಗಿಷ್ಟಿಕೆಯನ್ನು ಮಾತ್ರ ಮುಚ್ಚಿದ ಕೋಣೆಯಲ್ಲಿ ಇಡಕೂಡದು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಆಮೆಯನ್ನೂ ಆಮೆ ಕಾಯುವವನನ್ನೂ ಕೊಲ್ಲಬಲ್ಲದು.

ಕಿಟಕಿಯ ಬಿಸಿಲಿನ ವಂಚನೆ

“ಇಷ್ಟೆಲ್ಲ ಏಕೆ? ಗಾಜಿನ ಕಿಟಕಿಯ ಬಳಿ ಬಿಸಿಲು ಬೀಳುವಲ್ಲಿ ಇಟ್ಟರಾಯಿತು” ಎಂದು ಕೆಲವರು ಹೇಳುವುದುಂಟು. ಆಮೆಗೆ ಸೂರ್ಯನಿಂದ ಬೇಕಾದುದು ಶಾಖವೊಂದೇ ಅಲ್ಲ. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿವೆ. ಅವುಗಳಲ್ಲಿ 290ರಿಂದ 315 ನ್ಯಾನೋಮೀಟರ್ ತರಂಗದೂರದ ಭಾಗವು ಚರ್ಮದಲ್ಲಿರುವ ಕೊಲೆಸ್ಟೆರಾಲಿನ ಬಂಧುವಾದ ಒಂದು ವಸ್ತುವನ್ನು ಪೂರ್ವ-ಜೀವಸತ್ವವಾಗಿ ಮಾರ್ಪಡಿಸುತ್ತದೆ. ಆ ಬಳಿಕ ದೇಹದ ಶಾಖದಿಂದ ಅದು ಡಿ ಜೀವಸತ್ವವಾಗುತ್ತದೆ. ಮೊದಲ ಹೆಜ್ಜೆಗೆ ಕಿರಣ ಬೇಕು, ಎರಡನೆಯದಕ್ಕೆ ಶಾಖ ಬೇಕು. ಡಿ ಜೀವಸತ್ವವಿಲ್ಲದೆ ಕರುಳು ಆಹಾರದಲ್ಲಿರುವ ಸುಣ್ಣಾಂಶವನ್ನು ಹೀರಲಾರದು. ಆಮೆಮರಿಗೆ ಇದರಿಂದಾಗುವ ಹಾನಿ ಅಪಾರ. ಏಕೆಂದರೆ ಅದರ ಮನೆಯೇ, ಅಂದರೆ ಚಿಪ್ಪೇ, ಮೂಳೆಯಿಂದಾದುದು. ಸುಣ್ಣ ಸಾಲದ ಚಿಪ್ಪು ಗಟ್ಟಿಯಾಗಬೇಕಾದ ವಯಸ್ಸಿನಲ್ಲಿ ಮೆತ್ತಗೆ ಉಳಿದು, ಬಾಗಿ, ವಕ್ರವಾಗುತ್ತದೆ.

ಸಾಮಾನ್ಯ ಕಿಟಕಿಗಾಜು ಈ ಕಿರಣಗಳನ್ನು ಬಹುತೇಕ ಪೂರ್ತಿಯಾಗಿ ತಡೆಹಿಡಿಯುತ್ತದೆ. ಗಾಜಿನ ಹಿಂದೆ ಬಿಸಿಲು ಕಾಯುವ ಮರಿಗೆ ಶಾಖ ದೊರೆಯುತ್ತದೆ, ಕಣ್ಣಿಗೆ ಬೆಳಕೂ ದೊರೆಯುತ್ತದೆ, ಜೀವಸತ್ವ ದೊರೆಯುವುದಿಲ್ಲ. ಆದುದರಿಂದ ಪೆಟ್ಟಿಗೆಯಲ್ಲಿ ಅತಿನೇರಳೆ ಕಿರಣ ಸೂಸುವ ವಿಶೇಷ ದೀಪವನ್ನು ಹಾಕುತ್ತಾರೆ. ಈ ದೀಪಗಳು ತಿಂಗಳುಗಳು ಕಳೆದಂತೆ ಬೆಳಕು ಕೊಡುತ್ತಿದ್ದರೂ ಅತಿನೇರಳೆ ಕಿರಣಗಳನ್ನು ಕೊಡುವುದು ಕಡಮೆಯಾಗುತ್ತದೆ; ಕಾಲಕಾಲಕ್ಕೆ ಬದಲಾಯಿಸಬೇಕು. ನಮ್ಮ ನಾಡಿನಲ್ಲಿ ಚಳಿಗಾಲದ ನಡುಹಗಲೂ ಬೆಚ್ಚಗಿರುವುದರಿಂದ, ಒಂದಷ್ಟು ಹೊತ್ತು ಮರಿಗಳನ್ನು ನೆರಳಿನ ಮೂಲೆಯುಳ್ಳ ಜಾಲರಿಯ ಗೂಡಿನಲ್ಲಿ ನೇರವಾದ ಬಿಸಿಲಿಗೆ ಬಿಡಬಹುದು. ಹಿಮದ ದೇಶಗಳಿಗೆ ಇಲ್ಲದ ಭಾಗ್ಯ ಇದು. ಕಾಗೆ, ಹದ್ದು, ಮುಂಗುಸಿಗಳಿಂದ ಕಾವಲು ಅಗತ್ಯ.

ತೇವದ ಪಾಠ

ಬಯಲುಸೀಮೆಯ ಆಮೆಗೆ ಒಣ ಮನೆಯೇ ಲೇಸೆಂದು ಬಹುಕಾಲ ತಿಳಿದಿದ್ದರು. ಹಾಗೆ ಬೆಳೆದ ಮರಿಗಳ ಬೆನ್ನಿನ ಮೇಲೆ ಚಿಪ್ಪಿನ ಒಂದೊಂದು ಫಲಕವೂ ಗೋಪುರದಂತೆ ಉಬ್ಬುತ್ತಿದ್ದಿತು. ಹೆಚ್ಚಾದ ಸಸಾರಜನಕವೇ ಇದಕ್ಕೆ ಕಾರಣವೆಂದು ಊಹಿಸಿದ್ದರು. 2003ರಲ್ಲಿ ಆಸ್ಟ್ರಿಯದ ವೀಸ್ನರ್ ಮತ್ತು ಇಬೆನ್ ಎಂಬ ಸಂಶೋಧಕರು ಆಫ್ರಿಕದ ಒಂದು ಜಾತಿಯ ಮರಿಗಳನ್ನು ಬೇರೆಬೇರೆ ತೇವದಲ್ಲಿಯೂ ಬೇರೆಬೇರೆ ಆಹಾರದಲ್ಲಿಯೂ ಬೆಳೆಸಿ ಅಳೆದರು. ಒಣ ಹವೆಯಲ್ಲಿ ಬೆಳೆದವುಗಳ ಉಬ್ಬು ಹೆಚ್ಚು, ತೇವದಲ್ಲಿ ಬೆಳೆದವುಗಳದು ಕಡಮೆ. ಆಹಾರದ ಸಸಾರಜನಕದ ಪರಿಣಾಮ ಅಲ್ಪವೆಂದು ಕಂಡುಬಂದಿತು. ಯೋಚಿಸಿದರೆ ಇದು ಸಹಜವೇ. ಕಾಡಿನ ಮರಿಯು ಹುಲ್ಲಿನ ಬುಡದಲ್ಲಿ, ತರಗೆಲೆಗಳಡಿಯಲ್ಲಿ ಹುದುಗಿರುತ್ತದೆ. ಸುತ್ತಲಿನ ಹವೆ ಒಣಗಿದ್ದರೂ ಅಲ್ಲಿ ತೇವವಿರುತ್ತದೆ.

ಶಾಖದ ದೀಪವು ಪೆಟ್ಟಿಗೆಯ ಗಾಳಿಯನ್ನು ಒಣಗಿಸುತ್ತದೆ. ಆದುದರಿಂದ ತಳದಲ್ಲಿ ಮಣ್ಣಿಗೆ ತೆಂಗಿನ ನಾರಿನ ಪುಡಿಯನ್ನು ಬೆರೆಸಿ 5ರಿಂದ 8 ಸೆಂಟಿಮೀಟರ್ ದಪ್ಪ ಹರಡಿ, ಆಗಾಗ ನೀರು ಚಿಮುಕಿಸಬೇಕು. ಅಡಗುವ ಗೂಡಿನೊಳಗೆ ತೇವ ಹೆಚ್ಚಿರಲಿ. ಬರಿಯ ಮರಳು ಬೇಡ. ಸೊಪ್ಪಿನೊಡನೆ ಹೊಟ್ಟೆ ಸೇರಿ ಕರುಳನ್ನು ಕಟ್ಟಬಹುದು. ಪ್ರತಿದಿನ ಬೆಳಗ್ಗೆ ಮರಿಯ ಗದ್ದ ಮುಳುಗದಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಬಿಟ್ಟರೆ ಅದು ನೀರು ಕುಡಿದು ಕರುಳನ್ನು ಬರಿದುಮಾಡಿಕೊಳ್ಳುತ್ತದೆ. ತೇವವೂ ಶಾಖವೂ ಕೂಡಿದ್ದರೆ ಹಿತ. ತೇವವೂ ಚಳಿಯೂ ಕೂಡಿದರೆ ಶ್ವಾಸರೋಗಕ್ಕೆ ಆಹ್ವಾನ. ಶಾಖ ಸರಿಯಾದ ಮೇಲೆಯೇ ತೇವವನ್ನು ಹೆಚ್ಚಿಸಬೇಕು.

ಆಹಾರದಲ್ಲಿ ರಂಜಕಕ್ಕಿಂತ ಸುಣ್ಣಾಂಶ ಎರಡರಷ್ಟಾದರೂ ಇರಬೇಕು. ನೆಲದಾಮೆಗೆ ಗರಿಕೆಯಂತಹ ಹುಲ್ಲು, ದಾಸವಾಳದ ಎಲೆ ಮತ್ತು ಹೂ, ನುಗ್ಗೆಸೊಪ್ಪು ಒಳ್ಳೆಯವು. ಅನ್ನ, ಬ್ರೆಡ್ಡು, ಹಾಲು ಅದರ ಆಹಾರವಲ್ಲ. ವಾರಕ್ಕೊಮ್ಮೆ ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ತೂಗಿ ಬರೆದಿಡಬೇಕು. ಮೊಟ್ಟೆಯಿಂದ ಬಂದ ಮರಿಯ ತೂಕ ಸುಮಾರು 25 ಗ್ರಾಂ. ತೂಕ ಇಳಿಯುತ್ತ ಹೋದರೆ, ಕಣ್ಣಿಗೆ ಏನೂ ತೋರದಿದ್ದರೂ, ವೈದ್ಯರಿಗೆ ತೋರಿಸಬೇಕು.

ನೀರಾಮೆಯ ಮನೆ

ನೀರು ಗಾಳಿಗಿಂತ ಅನೇಕ ಪಟ್ಟು ವೇಗವಾಗಿ ದೇಹದ ಶಾಖವನ್ನು ಸೆಳೆಯುತ್ತದೆ. ಆದುದರಿಂದ ನೀರಾಮೆಯ ಮರಿಗೆ ನೀರಿನ ಉಷ್ಣತೆಯೇ ಮುಖ್ಯ. 25ರಿಂದ 28 ಡಿಗ್ರಿ ಇದ್ದರೆ ಸಾಕು. ಹತ್ತಿ ಕೂರಲು ಒಣಗಿದ ಕಲ್ಲೊಂದಿರಬೇಕು, ಅದರ ಮೇಲೆ ದೀಪವಿರಬೇಕು. ನೀರು ಬೆಚ್ಚಗಿದ್ದು ಮೇಲಿನ ಗಾಳಿ ತಣ್ಣಗಿದ್ದರೆ, ಉಸಿರಾಡಲು ಮೇಲೆದ್ದಾಗಲೆಲ್ಲ ಮರಿಯು ಚಳಿಗಾಳಿಯನ್ನೇ ನುಂಗುತ್ತದೆ. ಆಹಾರದ ಚೂರುಗಳೂ ಮಲವೂ ಬೆಚ್ಚಗಿನ ನೀರಿನಲ್ಲಿ ಬೇಗ ಕೊಳೆತು ಅಮೋನಿಯ ಹುಟ್ಟುವುದರಿಂದ ನೀರನ್ನು ಶೋಧಿಸುತ್ತಲೂ ಬದಲಾಯಿಸುತ್ತಲೂ ಇರಬೇಕು.

ಪೇಟೆಗಳಲ್ಲಿ ಮಾರುವ ಕೆಂಪುಕಿವಿಯ ಆಮೆ ಅಮೆರಿಕದ ಮಿಸಿಸಿಪಿ ಸೀಮೆಯದು. ನಾಣ್ಯದಷ್ಟು ಚಿಕ್ಕ ಮರಿಯೆಂದು ಕೊಂಡು ತಂದವರು, ಅದು ತಟ್ಟೆಯಗಲ ಬೆಳೆದಾಗ ಬೇಸತ್ತು ಕೆರೆಗೆ ಬಿಡುತ್ತಾರೆ. ಜಗತ್ತಿನ 100 ಅತಿಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಅದು ಹಿಮದ ಚಳಿಗಾಲವನ್ನೂ ತಾಳುವ ಜಾತಿ. ನಮ್ಮ ಕೆರೆಯ ಚಳಿ ಅದಕ್ಕೆ ಲೆಕ್ಕಕ್ಕಿಲ್ಲ. ನಮ್ಮ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ಬಂಡೆಗಳನ್ನೂ ಅದು ಕಸಿದುಕೊಳ್ಳುತ್ತದೆ. ಕರುಣೆಯಿಂದ ಕೆರೆಗೆ ಬಿಟ್ಟೆವೆಂದು ಹೇಳುವವರು ಇದನ್ನು ತಿಳಿಯಬೇಕು.

ಒಂದು ರಾತ್ರಿಯ ಅತಿಥಿ

ಯಾವ ವಿದ್ಯಾರ್ಥಿಗಾದರೂ ರಸ್ತೆಯಲ್ಲಿಯೋ ನೆರೆಮನೆಯಲ್ಲಿಯೋ ಚಳಿಗೆ ಮರಗಟ್ಟಿದ ಆಮೆಮರಿ ಸಿಕ್ಕಿತೆನ್ನಿ. ಹತ್ತಿರದ ಅರಣ್ಯ ಕಚೇರಿಗೆ ಒಡನೆಯೇ ತಿಳಿಸಬೇಕು. ಅವರು ಬರುವವರೆಗೆ, ಗಾಳಿತೂತುಗಳುಳ್ಳ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಮರಿಯನ್ನಿಡಬೇಕು. ಬಟ್ಟೆಯಲ್ಲಿ ಸುತ್ತಿದ ಬಿಸಿನೀರಿನ ಸೀಸೆಯನ್ನು ಪೆಟ್ಟಿಗೆಯ ಅರ್ಧಭಾಗಕ್ಕೆ ಮಾತ್ರ ತಾಗುವಂತೆ ಹೊರಗಿಡಬೇಕು. ಇಳಿಜಾರಿನ ತತ್ತ್ವ ಇಲ್ಲಿಯೂ ಅನ್ವಯಿಸುತ್ತದೆ. ಒಮ್ಮೆಗೇ ಬೆಂಕಿಯ ಬಳಿ ಹಿಡಿಯಬಾರದು. ತಣ್ಣಗಿರುವಾಗ ಬಲವಂತವಾಗಿ ಉಣಿಸಬಾರದು. ಅರಗದ ಆಹಾರದ ಕಥೆಯನ್ನು ಈಗಾಗಲೇ ಓದಿದ್ದೀರಿ. ಮೃದುಚಿಪ್ಪಿನ ನೀರಾಮೆಯಾದರೆ ಒದ್ದೆ ಬಟ್ಟೆ ಸಾಕು. ನಿಶ್ಶಕ್ತವಾದ ಮರಿಯನ್ನು ಆಳವಾದ ನೀರಿಗೆ ಬಿಟ್ಟರೆ ಅದು ಮುಳುಗಿ ಸಾಯಬಹುದು. ಮುಟ್ಟಿದ ಮೇಲೆ ಸಾಬೂನಿನಿಂದ ಕೈತೊಳೆಯುವುದನ್ನು ಮರೆಯಕೂಡದು. ಆಮೆಗಳ ಮೈಮೇಲೆ ಸಾಲ್ಮೊನೆಲ್ಲ ಎಂಬ ರೋಗಾಣು ಇರುವುದುಂಟು. ಮಕ್ಕಳಿಗೆ ಇದು ತಗುಲುತ್ತಿದ್ದುದರಿಂದಲೇ ಅಮೆರಿಕದಲ್ಲಿ 1975ರಲ್ಲಿ 4 ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಿದರು.

ಆಮೆಯಿಲ್ಲದ ಪ್ರಯೋಗ

ಇಲ್ಲಿ ಹೇಳಿದ ತತ್ತ್ವಗಳನ್ನು ಪರೀಕ್ಷಿಸಲು ಆಮೆಯ ಅಗತ್ಯವಿಲ್ಲ. ಒಂದು ಚಿಕ್ಕ ಸೀಸೆ, ಒಂದು ದೊಡ್ಡ ಕೊಡ, ಎರಡಕ್ಕೂ 35 ಡಿಗ್ರಿಯ ನೀರು ತುಂಬಿ, ಜನವರಿ ತಿಂಗಳ ರಾತ್ರಿ ಒಂದೇ ಜಾಗದಲ್ಲಿಡಿರಿ. ಅರ್ಧ ಗಂಟೆಗೊಮ್ಮೆ ಉಷ್ಣತೆಯನ್ನು ಅಳೆದು ನಕ್ಷೆ ಬರೆಯಿರಿ. ಎರಡು ರೇಖೆಗಳ ಇಳಿತದಲ್ಲಿ ಮರಿಯ ರಾತ್ರಿಯೂ ದೊಡ್ಡ ಆಮೆಯ ರಾತ್ರಿಯೂ ನಿಮಗೆ ಕಾಣುತ್ತವೆ. ಅನಂತರ ಮೇಲೆ ಹೇಳಿದ ಅಳತೆಯ ಪೆಟ್ಟಿಗೆಯನ್ನು ಮಾಡಿ, ಒಂದು ತುದಿಗೆ ದೀಪ ತೂಗಿ, 15 ಸೆಂಟಿಮೀಟರಿಗೊಂದರಂತೆ ಉಷ್ಣತೆಯನ್ನು ಗುರುತುಹಾಕಿರಿ. ದೀಪವನ್ನು ಏರಿಸಿದರೆ, ಇಳಿಸಿದರೆ, ಮುಚ್ಚಳದ ಅರ್ಧವನ್ನು ತೆರೆದರೆ ಇಳಿಜಾರು ಹೇಗೆ ಬದಲಾಗುವುದೆಂಬುದನ್ನು ನೋಡಿರಿ. ಒಂದು ತುದಿ 33, ಇನ್ನೊಂದು ತುದಿ 24 ಡಿಗ್ರಿಯಲ್ಲಿ ರಾತ್ರಿಹಗಲು ಸ್ಥಿರವಾಗಿ ನಿಲ್ಲುವಂತೆ ಮಾಡುವುದು ತೋರುವಷ್ಟು ಸುಲಭವಲ್ಲ.

ಒಂದು ವಾರ ಈ ಪ್ರಯತ್ನ ಮಾಡಿದವರಿಗೆ, ಸೂರ್ಯನೂ ನೆಲವೂ ಹುಲ್ಲೂ ಮಳೆಯೂ ಕೂಡಿ ಕಾಡಿನಲ್ಲಿ ಆಮೆಮರಿಗೆ ಎಂತಹ ಮನೆಯನ್ನು ದಿನವೂ ಬಾಡಿಗೆಯಿಲ್ಲದೆ ಕಟ್ಟಿಕೊಡುತ್ತಿವೆಯೆಂಬುದು ಚೆನ್ನಾಗಿ ಮನದಟ್ಟಾಗುತ್ತದೆ. ಮುಂದೆ ಅಂತಹ ಮರಿಯನ್ನು ಮಾರಾಟಕ್ಕೆ ಕಂಡಾಗ ಏನು ಮಾಡಬೇಕೆಂಬುದನ್ನು ನಾವು ಬೇರೆ ಹೇಳಬೇಕಾದುದಿಲ್ಲ.